ದೊಣ್ಣೆ ಬದಿಗಿಟ್ಟರೆ ನಾಯಿ ಕಲಿಯುತ್ತದೆಯೇ?

ಪಾಂಡವಪುರ ತಾಲ್ಲೂಕಿನ ಚಿನಕುರಳಿ ಹೋಬಳಿಯ ತೋಟದ ಮನೆಗಳಿಗೆ ನಾಯಿ ಬರುವುದು ಅಂಗಡಿಯಿಂದಲ್ಲ. ನೆಂಟರ ಮನೆಯ ನಾಯಿ ಹಾಕಿದ ಮರಿ, ಬಸ್ ನಿಲ್ದಾಣದ ಹಿಂದೆ ಒಂಟಿಯಾಗಿ ಸಿಕ್ಕ ಮರಿ, ಮೈಸೂರಿನ ಬಾಡಿಗೆ ಮನೆಯಲ್ಲಿ ಸಾಕಲಾಗದೆ ಯಾರೋ ತಂದುಕೊಟ್ಟ ಲ್ಯಾಬ್ರಡಾರ್, ಹೀಗೆ ಬರುತ್ತವೆ. ಬಂದ ದಿನವೇ ಕುತ್ತಿಗೆಗೆ ಬೆಲ್ಟು, ಬೆಲ್ಟಿಗೆ ಚೈನು, ಚೈನು ಕೊಟ್ಟಿಗೆಯ ಕಂಬಕ್ಕೆ. ಮುಂದೆ ಏನಾದರೂ ಕಲಿಸಬೇಕಾಗಿ ಬಂದರೆ ಕೈಗೆ ಸಿಗುವುದು ಗದರಿಕೆ, ಚಪ್ಪಲಿ, ದೊಣ್ಣೆ. ಆರು ತಿಂಗಳು ಕಳೆಯುವಷ್ಟರಲ್ಲಿ ಮನೆಯವರ ದೂರುಗಳೂ ಸಿದ್ಧವಾಗುತ್ತವೆ: ಕರೆದರೆ ಬರಲ್ಲ, ಬಿಟ್ಟರೆ ಓಡಿಹೋಗುತ್ತೆ, ಹಾಲು ಹಾಕುವವರ ಮೇಲೆ ಎಗರುತ್ತೆ, ಮಕ್ಕಳು ಹತ್ತಿರ ಹೋದರೆ ಗುರ್ ಅನ್ನುತ್ತೆ.

ಇದಕ್ಕೆ ಬೇರೆ ದಾರಿಯೊಂದಿದೆ. ನಾಯಿ ಸರಿಯಾದ ಕೆಲಸ ಮಾಡಿದ ಕ್ಷಣದಲ್ಲೇ ಅದಕ್ಕೆ ಇಷ್ಟವಾದುದನ್ನು ಕೊಟ್ಟು, ಆ ಕೆಲಸವನ್ನು ಅದು ಮತ್ತೆ ಮತ್ತೆ ಮಾಡುವಂತೆ ಮಾಡುವುದು. ಮನೋವಿಜ್ಞಾನದ ಪುಸ್ತಕಗಳು ಇದನ್ನು ಸಕಾರಾತ್ಮಕ ಪುನರ್ಬಲನ ಎನ್ನುತ್ತವೆ. ಮನೆಮಾತಿನಲ್ಲಿ ಮೆಚ್ಚಿ ಕಲಿಸುವುದು ಎನ್ನಬಹುದು. ಬೆಂಗಳೂರು, ಮೈಸೂರಿನಲ್ಲಿ ದುಡ್ಡು ಕೊಟ್ಟು ತರಬೇತುದಾರರನ್ನು ಕರೆಸುವವರ ಪದ್ಧತಿ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ಈ ಪದ್ಧತಿ ಎಲ್ಲಿಂದ ಬಂತು, ಇದಕ್ಕೆ ಆಧಾರವೇನು, ಹಳ್ಳಿಯ ಮನೆಗೆ ಇದು ಒಗ್ಗುತ್ತದೆಯೇ, ಇದರ ಮಿತಿಗಳೇನು ಎಂಬುದನ್ನು ಒಂದೊಂದಾಗಿ ನೋಡಬೇಕಾಗಿದೆ.

ಕನ್ನಡ ನಾಡಿನಲ್ಲಿ ನಾಯಿಯನ್ನು ಗೌರವದಿಂದ ಕಂಡ ಹಳೆಯ ಸಾಕ್ಷಿಗಳಲ್ಲಿ ಒಂದು ಮಂಡ್ಯ ಜಿಲ್ಲೆಯದೇ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಸುಮಾರು ಕ್ರಿ.ಶ. 950ರ ವೀರಗಲ್ಲು ಅದು. ರಾಷ್ಟ್ರಕೂಟರೂ ಗಂಗರೂ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಮೇಲೆ, ಮಣಲೇರ ಎಂಬ ವೀರನಿಗೆ ಬೇಕಾದುದನ್ನು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಬೇಟೆಯಲ್ಲಿ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಕಾದಿತು, ಎರಡೂ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟ. ಪೂಜಿಸದೆ ಉಂಡ ಗೊರವನಿಗೆ, ಅಂದರೆ ಪೂಜಾರಿಗೆ, ಪಾಪ ತಟ್ಟಲಿ ಎಂದು ಬರೆಸಿದ. ನಾಯಿಯೂ ಹಂದಿಯೂ ಎದುರುಬದುರಾಗಿ ಕಾದುವ ಶಿಲ್ಪವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೇಟೆಯಲ್ಲಿ ಒಡೆಯನ ಜೊತೆ ನಿಂತು ಹೋರಾಡುವ ನಾಯಿಗೆ ಕಂಬಕ್ಕೆ ಕಟ್ಟಿಹಾಕಿದ ಬಾಳು ಇದ್ದಿರಲಾರದು. ಮೇಲುಕೋಟೆ ಸುತ್ತಿನ ಕುರಿಗಾಹಿಗಳ ನಾಯಿಗಳದ್ದೂ ಇದೇ ಕಥೆ. ತೋಳಗಳಿಗಾಗಿಯೇ 1974ರಲ್ಲಿ ವನ್ಯಧಾಮವಾದ ಆ ಬೆಟ್ಟಗಳ ಆಸುಪಾಸಿನಲ್ಲಿ ಮಂದೆಯ ಜೊತೆ ಬಿಡುಬೀಸಾಗಿ ನಡೆದೇ ಅವು ಕೆಲಸ ಕಲಿತವು.

ಹೊಡೆದು ಕಲಿಸುವ ಪದ್ಧತಿಗೆ ಶಾಸ್ತ್ರದ ರೂಪ ಬಂದದ್ದು ಇಪ್ಪತ್ತನೆಯ ಶತಮಾನದ ಯುರೋಪಿನಲ್ಲಿ. ಜರ್ಮನಿಯ ಪೊಲೀಸ್ ನಾಯಿಗಳ ತರಬೇತುದಾರ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ಕೈಪಿಡಿ ಬಲಪ್ರಯೋಗವನ್ನು ಮುಖ್ಯ ಸಾಧನವಾಗಿ ಒಪ್ಪಿತ್ತು. ಎರಡು ಮಹಾಯುದ್ಧಗಳಲ್ಲಿ ಸೈನ್ಯಕ್ಕೆ ನಾಯಿಗಳನ್ನು ಸಜ್ಜುಗೊಳಿಸಿದವರು ಅದೇ ಹಾದಿ ಹಿಡಿದರು. ಸೈನ್ಯದಿಂದ ಮನೆಗೆ ಮರಳಿದ ತರಬೇತುದಾರರೊಂದಿಗೆ ಅದು ಊರಿಗೂ ಬಂತು. 1947ರಲ್ಲಿ ರುಡಾಲ್ಫ್ ಶೆಂಕೆಲ್ ಬೋನಿನಲ್ಲಿ ಕೂಡಿಟ್ಟ ತೋಳಗಳ ಜಗಳಗಳನ್ನು ನೋಡಿ ಪ್ರಬಂಧ ಬರೆದ ಮೇಲೆ, ‘ಗುಂಪಿಗೊಬ್ಬ ಯಜಮಾನ ಇರುತ್ತಾನೆ, ಅವನು ಉಳಿದವರನ್ನು ತುಳಿದೇ ಆಳುತ್ತಾನೆ’ ಎಂಬ ನಂಬಿಕೆ ಬೇರೂರಿತು. ನಾಯಿಯನ್ನು ಅಂಗಾತ ಕೆಡವಿ ಒತ್ತಿ ಹಿಡಿದು ಯಜಮಾನ ಯಾರೆಂದು ತೋರಿಸಬೇಕು ಎಂಬ ಸಲಹೆ ಹುಟ್ಟಿದ್ದು ಅಲ್ಲಿಂದ.

ಈ ವಾದದ ಬುಡ ಅಲುಗಾಡಿದ್ದು ತೋಳಗಳನ್ನು ಕಾಡಿನಲ್ಲೇ ಅಧ್ಯಯನ ಮಾಡಿದಾಗ. ಅಮೆರಿಕದ ವಿಜ್ಞಾನಿ ಡೇವಿಡ್ ಮೆಕ್ 1970ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಯಜಮಾನ ತೋಳದ ಕಲ್ಪನೆಯನ್ನು ತಾವೇ ಹಬ್ಬಿಸಿದ್ದರು. ಕಾಡಿನ ತೋಳದ ಗುಂಪು ಎಂದರೆ ತಂದೆ, ತಾಯಿ, ಮರಿಗಳ ಒಂದು ಸಂಸಾರ ಎಂದು 1999ರಲ್ಲಿ ತಾವೇ ಬರೆದು ಅದನ್ನು ತಿದ್ದಿದರು. ತೋಳದ ಬಗ್ಗೆಯೇ ನಿಲ್ಲದ ಮಾತು ಸಾವಿರಾರು ವರ್ಷ ಮನುಷ್ಯನ ಜೊತೆ ಬಾಳಿದ ನಾಯಿಗೆ ಹೇಗೆ ನಿಂತೀತು? ಹಾಗಿದ್ದರೂ ‘ನಾಯಿಗೆ ಸಲುಗೆ ಕೊಟ್ಟರೆ ತಲೆ ಮೇಲೆ ಕೂರುತ್ತೆ’ ಎಂಬ ಮಾತು ಇಂದಿಗೂ ಹಳ್ಳಿ, ಪೇಟೆ ಎರಡರಲ್ಲೂ ಕೇಳಿಬರುತ್ತದೆ.

ಇನ್ನೊಂದು ಧಾರೆ ಪ್ರಯೋಗಾಲಯದಿಂದ ಬಂತು. ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು, ಹಿತವಾದ ಫಲ ಕೊಡುವ ವರ್ತನೆ ಮರುಕಳಿಸುತ್ತದೆ ಎಂದು ತೋರಿಸಿದರು. ಗಂಟೆ ಸದ್ದಿಗೂ ನಾಯಿಯ ಬಾಯಲ್ಲಿ ನೀರೂರುತ್ತದೆ ಎಂದು ತೋರಿಸಿದ ಪಾವ್‌ಲೊವ್ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಬಿ.ಎಫ್. ಸ್ಕಿನ್ನರ್ 1938ರಲ್ಲಿ ಇವೆಲ್ಲವನ್ನೂ ಒಂದು ವ್ಯವಸ್ಥೆಗೆ ತಂದರು. ಅವರ ಶಿಷ್ಯರಾದ ಕೆಲ್ಲರ್ ಮತ್ತು ಮರಿಯನ್ ಬ್ರೆಲ್ಯಾಂಡ್ ದಂಪತಿ 1940ರ ದಶಕದಲ್ಲಿ ಇದನ್ನು ಪ್ರಯೋಗಾಲಯದಿಂದ ಹೊರತಂದು ಹತ್ತಾರು ಬಗೆಯ ಪ್ರಾಣಿಗಳಿಗೆ ಕಲಿಸಿದರು. ಡಾಲ್ಫಿನ್‌ಗಳಿಗೆ ಕಲಿಸುತ್ತಿದ್ದ ಕರೆನ್ ಪ್ರಯರ್ 1984ರಲ್ಲಿ ಬರೆದ ಪುಸ್ತಕ ಅದನ್ನು ನಾಯಿ ಸಾಕುವ ಸಾಮಾನ್ಯ ಮನೆಗಳಿಗೆ ತಲುಪಿಸಿತು. ನೀರಿನಲ್ಲಿ ಈಜುವ ಡಾಲ್ಫಿನ್‌ಗೆ ಬೆಲ್ಟು ಕಟ್ಟಿ ಎಳೆಯಲಾಗದು, ಹೊಡೆದರೆ ಅದು ಹತ್ತಿರವೇ ಬಾರದು. ಮೀನು ಕೊಟ್ಟು, ಸೀಟಿ ಊದಿ ಕಲಿಸುವುದಷ್ಟೇ ದಾರಿ. ಅಷ್ಟು ದೊಡ್ಡ ಪ್ರಾಣಿಗೆ ಆಗುವುದು ಮನೆಯ ನಾಯಿಗೆ ಯಾಕಾಗದು ಎಂಬ ಪ್ರಶ್ನೆಗೆ ಹಳೆಯ ಪದ್ಧತಿಯಲ್ಲಿ ಉತ್ತರವಿರಲಿಲ್ಲ.

ಎರಡು ಪದ್ಧತಿಗಳನ್ನು ಅಳೆದು ನೋಡಿದ ಅಧ್ಯಯನಗಳೂ ಇವೆ. 2004ರಲ್ಲಿ ಬ್ರಿಟನ್ನಿನಲ್ಲಿ ನಾಯಿ ಸಾಕಿದ 364 ಜನರನ್ನು ವಿಚಾರಿಸಿದಾಗ, ಮೆಚ್ಚಿ ಕಲಿಸಿದವರ ನಾಯಿಗಳು ಹೆಚ್ಚು ಮಾತು ಕೇಳುವುದೂ, ಶಿಕ್ಷೆ ಬಳಸಿದವರ ಮನೆಯಲ್ಲಿ ತೊಂದರೆಯ ವರ್ತನೆಗಳು ಹೆಚ್ಚಿರುವುದೂ ಕಂಡುಬಂತು. 2009ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು, ವರ್ತನೆಯ ತೊಂದರೆಗೆಂದು ಬಂದ 140 ನಾಯಿಗಳ ಒಡೆಯರನ್ನು ಕೇಳಿದರು. ಹೊಡೆದ ಅಥವಾ ಒದ್ದ ಒಡೆಯರಲ್ಲಿ ಶೇ 43ರಷ್ಟು ಮಂದಿ, ಅಂಗಾತ ಕೆಡವಿ ಒತ್ತಿದವರಲ್ಲಿ ಶೇ 31ರಷ್ಟು ಮಂದಿ, ನಾಯಿ ತಮ್ಮ ಮೇಲೆ ತಿರುಗಿಬಿತ್ತು ಎಂದರು. ಕಚ್ಚುವುದನ್ನು ಬಿಡಿಸಲೆಂದು ಎತ್ತಿದ ಕೈಯೇ ಕಚ್ಚಿಸಿಕೊಳ್ಳುತ್ತಿತ್ತು. ಪೋರ್ಚುಗಲ್‌ನ ತರಬೇತಿ ಶಾಲೆಗಳ 92 ನಾಯಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೆದರಿಸಿ ಕಲಿಸಿದ ನಾಯಿಗಳು ಹೆಚ್ಚು ತೇಕುತ್ತಿದ್ದವು, ಮೈ ಬಿಗಿಹಿಡಿಯುತ್ತಿದ್ದವು. ಪಾಠ ಮುಗಿದ ಮೇಲೆ ಅವುಗಳ ಜೊಲ್ಲಿನಲ್ಲಿ ಒತ್ತಡ ಸೂಚಿಸುವ ಕಾರ್ಟಿಸಾಲ್ ಹೆಚ್ಚಿತ್ತು. ಅಮೆರಿಕದ ಪಶುವೈದ್ಯ ವರ್ತನಾತಜ್ಞರ ಸಂಘ 2021ರಲ್ಲಿ ಎಲ್ಲ ನಾಯಿಗಳಿಗೂ, ಕಚ್ಚುವ ನಾಯಿಗಳಿಗೂ ಕೂಡ, ಮೆಚ್ಚಿ ಕಲಿಸುವ ಪದ್ಧತಿಯನ್ನೇ ಸೂಚಿಸಿತು.

ಇವೆಲ್ಲ ಸಾಹೇಬರ ದೇಶದ ಸಾಕುನಾಯಿಗಳ ಮಾತು, ನಮ್ಮ ಬೀದಿ ನಾಯಿಗೆ ಇದೆಲ್ಲ ಹತ್ತದು ಎನ್ನುವವರಿಗೆ ಉತ್ತರ ಕೊಟ್ಟದ್ದು ಕೋಲ್ಕತ್ತದ ಐಸರ್ ವಿಜ್ಞಾನ ಸಂಸ್ಥೆ. ಅನಿಂದಿತಾ ಭದ್ರಾ ಅವರ ತಂಡ ಬಂಗಾಳದ ಬೀದಿ ನಾಯಿಗಳನ್ನು ಬೀದಿಯಲ್ಲೇ ಪರೀಕ್ಷಿಸಿತು. ಗುರುತಿಲ್ಲದ ಮನುಷ್ಯರನ್ನು ನಂಬುವಂತಾಗಲು ಆ ನಾಯಿಗಳಿಗೆ ತಿಂಡಿಗಿಂತಲೂ ಮೈದಡವಿದ್ದು ಹೆಚ್ಚು ನೆರವಾಯಿತು ಎಂದು 2017ರಲ್ಲಿ ಪ್ರಕಟವಾಯಿತು. 2020ರ ಮತ್ತೊಂದು ಅಧ್ಯಯನದಲ್ಲಿ, ಎಂದೂ ತರಬೇತಿ ಕಾಣದ ಬೀದಿ ನಾಯಿಗಳು ದೂರದಿಂದ ಬೆರಳು ತೋರಿಸಿದ ಬಟ್ಟಲಿನ ಕಡೆಗೇ ಹೋದವು. ಹತ್ತಿರ ಬಂದ ನಾಯಿಗಳಲ್ಲಿ ಸುಮಾರು ಶೇ 80ರಷ್ಟು ಹೀಗೆ ಸನ್ನೆಯನ್ನು ಪಾಲಿಸಿದವು. ಆದರೆ ಅರ್ಧದಷ್ಟು ನಾಯಿಗಳು ಹೆದರಿ ಹತ್ತಿರವೇ ಬರಲಿಲ್ಲ. ಬೀದಿ ಮರಿಯನ್ನು ಮನೆಗೆ ತಂದವರು ತಿಳಿಯಬೇಕಾದ ಎರಡೂ ಸಂಗತಿ ಇಲ್ಲಿವೆ. ಕಂತ್ರಿ ನಾಯಿ ಎಂದು ಮೂಗು ಮುರಿಯುವ ನಾಯಿಗೆ ಬುದ್ಧಿಯ ಕೊರತೆಯಿಲ್ಲ. ಅದಕ್ಕಿರುವ ದೊಡ್ಡ ತೊಡಕು ಭಯ. ಭಯವಿರುವ ಕಡೆ ದೊಣ್ಣೆ ಎತ್ತಿದರೆ ಭಯ ಹೆಚ್ಚುತ್ತದೆ, ಕಲಿಕೆ ನಿಲ್ಲುತ್ತದೆ.

ಕರ್ನಾಟಕದಲ್ಲಿ ಈ ಪದ್ಧತಿಯ ಫಲ ಕಾಣಬೇಕೆಂದರೆ ವಾಸನೆ ಹಿಡಿಯುವ ನಾಯಿಗಳ ಕೆಲಸ ನೋಡಬೇಕು. ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಜರ್ಮನ್ ಶೆಫರ್ಡ್ ‘ರಾಣಾ’ 2019ರ ಹುಲಿ ಸೆರೆ ಕಾರ್ಯಾಚರಣೆಯಲ್ಲಿ ಹೆಸರು ಮಾಡಿತು. ದಾವಣಗೆರೆ ಪೊಲೀಸರ ಡಾಬರ್‌ಮನ್ ‘ತುಂಗಾ’ 2020ರ ಜುಲೈನಲ್ಲಿ ಸುಮಾರು 12 ಕಿಲೋಮೀಟರ್ ಓಡಿ ಕೊಲೆ ಆರೋಪಿಯ ಸುಳಿವು ಹಿಡಿದಾಗ ರಾಜ್ಯವೇ ಅದನ್ನು ಕೊಂಡಾಡಿತು. ಇಂಥ ನಾಯಿಗಳನ್ನು ಸಜ್ಜುಗೊಳಿಸುವ ಮೂಲತಂತ್ರ ಎಲ್ಲೆಡೆ ಬಹುಮಟ್ಟಿಗೆ ಒಂದೇ: ಬೇಕಾದ ವಾಸನೆ ಹಿಡಿದರೆ ಕೂಡಲೇ ಚೆಂಡಾಟ, ತಿಂಡಿ ಅಥವಾ ಶಹಬ್ಬಾಸ್. ಹೊಡೆತಕ್ಕೆ ಹೆದರಿ ಯಾವ ನಾಯಿಯೂ ಹನ್ನೆರಡು ಕಿಲೋಮೀಟರ್ ಮೂಸಿಕೊಂಡು ಹೋಗಲಾರದು. ಅದಕ್ಕೆ ಆ ಕೆಲಸದಲ್ಲೇ ಖುಷಿ ಸಿಗಬೇಕು.

ಹಳ್ಳಿಯ ಮನೆಯಲ್ಲಿ ಇದನ್ನು ಮಾಡುವುದು ಹೇಗೆ?

ಮೊದಲು ನಾಯಿಗೆ ಸಮಯ ಕೊಡಬೇಕು. ಮನೆ ಬದಲಾದ ನಾಯಿಗೆ ಬೆದರಿಕೆ ಇಳಿಯಲು ಮೂರು ದಿನ, ಮನೆಯ ರೀತಿನೀತಿ ತಿಳಿಯಲು ಮೂರು ವಾರ, ಇದು ನನ್ನ ಮನೆ ಎನ್ನಿಸಲು ಮೂರು ತಿಂಗಳು ಬೇಕು ಎಂಬುದು ನಾಯಿ ದತ್ತು ಕೊಡುವ ಸಂಸ್ಥೆಗಳಲ್ಲಿ ಬಳಕೆಯಲ್ಲಿರುವ ಅಂದಾಜು. ಮೊದಲ ದಿನವೇ ಬೀದಿಯ ಮಕ್ಕಳೆಲ್ಲ ಮುತ್ತಿಕೊಂಡು ಎತ್ತಾಡಿದರೆ ಮರಿ ಮಂಚದ ಕೆಳಗೆ ಸೇರುತ್ತದೆ. ಜಗುಲಿಯ ಒಂದು ಮೂಲೆ, ಒಂದು ಗೋಣಿಚೀಲ, ನೀರಿನ ಬೋಗುಣಿ, ಅದರ ಪಾಡಿಗೆ ಅದನ್ನು ಬಿಡುವ ಮನಸ್ಸು ಇಷ್ಟಿದ್ದರೆ ಆರಂಭಕ್ಕೆ ಸಾಕು. ಮರಿಯಾದರೆ ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗಿನ ಕಾಲ ಬಹಳ ಮುಖ್ಯ. ಟ್ರ್ಯಾಕ್ಟರ್ ಸದ್ದು, ದನಕರು, ಟೋಪಿ ಹಾಕಿದವರು, ಕೋಲು ಹಿಡಿದ ಅಜ್ಜ, ಸೈಕಲ್ಲು ಇವನ್ನೆಲ್ಲ ಆ ವಯಸ್ಸಿನಲ್ಲಿ ಹೆದರಿಕೆಯಿಲ್ಲದೆ ಕಂಡ ಮರಿ ದೊಡ್ಡದಾದ ಮೇಲೆ ಅವುಗಳ ಮೇಲೆ ಎಗರುವುದು ಕಡಿಮೆ.

ಆಮೇಲೆ ತಿಂಡಿ. ಅಂಗಡಿಯ ದುಬಾರಿ ಬಿಸ್ಕತ್ತು ಬೇಕಿಲ್ಲ. ಬೇಯಿಸಿದ ಕೋಳಿಯ ಚೂರು, ಮೊಟ್ಟೆಯ ತುಣುಕು, ಮಾಂಸ ತರದ ಮನೆಗಳಲ್ಲಿ ಬೇಯಿಸಿದ ಸಿಹಿಗೆಣಸು, ಚಪಾತಿ ಚೂರು, ಇವನ್ನೆಲ್ಲ ಕಡಲೆಕಾಳಿನ ಗಾತ್ರಕ್ಕೆ ಹರಿದಿಟ್ಟುಕೊಂಡರಾಯಿತು. ಈರುಳ್ಳಿ, ಚಾಕೊಲೇಟ್, ದ್ರಾಕ್ಷಿ ನಾಯಿಗೆ ವಿಷ; ಸಾರಿನಲ್ಲಿ ಬೆಂದ ಈರುಳ್ಳಿಯೂ ಬೇಡ. ದಿನಕ್ಕೆ ಎರಡು ಮೂರು ಬಾರಿ, ಒಮ್ಮೆಗೆ ಐದು ನಿಮಿಷ ಕಲಿಸಿದರೆ ಸಾಕು. ಹೊಟ್ಟೆ ತುಂಬ ಮುದ್ದೆ ತಿಂದ ಮೇಲೆ ಯಾವ ನಾಯಿಗೂ ಪಾಠ ಬೇಡ. ಊಟಕ್ಕೆ ಮುಂಚೆ ಕಲಿಸಬೇಕು.

‘ಕೂತ್ಕೊ’ ಕಲಿಸುವುದನ್ನು ಹತ್ತಿರದಿಂದ ನೋಡಿದರೆ ಇಡೀ ಪದ್ಧತಿ ಅರ್ಥವಾಗುತ್ತದೆ. ಮೊಟ್ಟೆಯ ಚೂರನ್ನು ಎರಡು ಬೆರಳ ನಡುವೆ ಹಿಡಿದು ನಾಯಿಯ ಮೂಗಿನ ಮುಂದೆ ತರಬೇಕು. ಅದು ಮೂಸಿದೊಡನೆ ಕೈಯನ್ನು ನಿಧಾನವಾಗಿ ಅದರ ತಲೆಯ ಮೇಲಿಂದ ಹಿಂದಕ್ಕೆ ಒಯ್ಯಬೇಕು. ಮೂಗು ಮೇಲೇರಿದಂತೆ ಹಿಂಭಾಗ ತಾನಾಗಿ ನೆಲಕ್ಕೆ ಇಳಿಯುತ್ತದೆ. ನೆಲ ಮುಟ್ಟಿದ ಆ ಕ್ಷಣವೇ ‘ಶಹಬ್ಬಾಸ್’ ಎಂದು ಚೂರನ್ನು ಬಾಯಿಗೆ ಕೊಡಬೇಕು. ಬೆನ್ನು ಒತ್ತುವುದಿಲ್ಲ, ಬೆಲ್ಟು ಎಳೆಯುವುದಿಲ್ಲ. ನಾಲ್ಕಾರು ಸಲ ಆದ ಮೇಲೆ, ಕೈ ಏರಿಸುವ ಮೊದಲು ‘ಕೂತ್ಕೊ’ ಎನ್ನಬೇಕು. ಕೆಲವು ದಿನಗಳಲ್ಲಿ ಮಾತೊಂದೇ ಸಾಕಾಗುತ್ತದೆ. ಎರಡು ಸೆಕೆಂಡು ತಡವಾದರೂ ನಾಯಿ ಎದ್ದಿರುತ್ತದೆ; ಆಗ ಕೊಟ್ಟ ಚೂರು ಏಳುವುದಕ್ಕೆ ಕೊಟ್ಟ ಬಹುಮಾನವಾಗುತ್ತದೆ. ಮನೆಗಳಲ್ಲಿ ತರಬೇತಿ ಕೆಡುವುದು ಹೆಚ್ಚಾಗಿ ಈ ತಡದಿಂದ.

ಕರೆದರೆ ಬರುವುದನ್ನು ಕಲಿಸಲು ಒಂದು ನಿಯಮ ಮುರಿಯಬಾರದು: ನಾಯಿಯನ್ನು ಕರೆದು ಹೊಡೆಯಕೂಡದು. ಕೋಳಿ ಅಟ್ಟಿಸಿಕೊಂಡು ಹೋದ ನಾಯಿ ಹತ್ತು ಕೂಗಿಗೆ ಮರಳಿ ಬಂದಾಗ ಸಿಟ್ಟಿನಲ್ಲಿ ಎರಡು ಬಿಗಿದರೆ, ಅದು ಕಲಿಯುವುದು ಕೋಳಿಯ ವಿಷಯವನ್ನಲ್ಲ. ಒಡೆಯನ ಹತ್ತಿರ ಬಂದರೆ ಪೆಟ್ಟು ಬೀಳುತ್ತದೆ ಎಂಬುದನ್ನು ಕಲಿಯುತ್ತದೆ. ಒಳಗೆ ಉಚ್ಚೆ ಮಾಡಿದ ಮರಿಯ ಮೂಗನ್ನು ಅದಕ್ಕೆ ತಿಕ್ಕುವುದರ ಫಲವೂ ಇಷ್ಟೇ. ಮರಿ ಮುಂದೆ ಕಣ್ಣಿಗೆ ಬೀಳದ ಮೂಲೆ ಹುಡುಕುತ್ತದೆ. ಎದ್ದ ಕೂಡಲೇ, ತಿಂದ ಕೂಡಲೇ, ಆಡಿದ ಮೇಲೆ ಹೊರಗೆ ಕರೆದೊಯ್ದು, ಅಲ್ಲಿ ಮಾಡಿದ ತಕ್ಷಣ ಮೆಚ್ಚಿದರೆ ಕೆಲವೇ ವಾರಗಳಲ್ಲಿ ಹೊರಗೆ ಹೋಗುವ ಅಭ್ಯಾಸ ಕೂಡಿಬರುತ್ತದೆ.

ಮನೆಮಂದಿಯ ಒಗ್ಗಟ್ಟು ಇಲ್ಲಿ ಬಹಳ ಮುಖ್ಯ. ಊಟದ ಹೊತ್ತಿಗೆ ಎಗರಬಾರದೆಂದು ಅಮ್ಮ ಕಲಿಸುತ್ತಿರುವಾಗ ಅಜ್ಜಿ ತಟ್ಟೆಯಿಂದ ತುತ್ತು ಎಸೆದರೆ, ಎಗರಿದರೆ ತುತ್ತು ಸಿಗುತ್ತದೆ ಎಂಬುದನ್ನೇ ನಾಯಿ ಗಟ್ಟಿ ಮಾಡಿಕೊಳ್ಳುತ್ತದೆ. ‘ಬಾ’, ‘ಬಾರೋ’, ‘ಕಮ್’ ಎಂದು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಕರೆಯುವ ಬದಲು ಎಲ್ಲರೂ ಒಂದೇ ಮಾತು ಬಳಸಬೇಕು. ಮಕ್ಕಳಿಗೆ ಹೇಳಬೇಕಾದುದೂ ಇದೆ: ತಿನ್ನುವ ನಾಯಿಯ ಹತ್ತಿರ ಹೋಗಬಾರದು, ಮಲಗಿದ್ದನ್ನು ತಬ್ಬಬಾರದು, ಬಾಲ ಎಳೆಯಬಾರದು. ನಾಯಿ ಗುರ್ ಅಂದರೆ ಅದನ್ನು ಹೊಡೆಯಬಾರದು, ದೂರ ಸರಿಯಬೇಕು. ಗುರ್ ಎನ್ನುವುದು ಎಚ್ಚರಿಕೆ. ಹೊಡೆದು ಆ ಎಚ್ಚರಿಕೆಯನ್ನು ನಿಲ್ಲಿಸಿದರೆ ಮುಂದೆ ನಾಯಿ ಸದ್ದಿಲ್ಲದೆ ಕಚ್ಚುತ್ತದೆ.

ಹಳ್ಳಿಯಿಂದ ಬರುವ ಆಕ್ಷೇಪಗಳಿಗೂ ಕಿವಿಗೊಡಬೇಕು. ತಿಂಡಿ ಇದ್ದರೆ ಮಾತ್ರ ಮಾತು ಕೇಳುತ್ತದಲ್ಲ ಎಂಬುದು ಮೊದಲನೆಯದು. ಪಾಠ ಗಟ್ಟಿಯಾದ ಮೇಲೆ ತಿಂಡಿಯನ್ನು ಆಗೊಮ್ಮೆ ಈಗೊಮ್ಮೆ ಮಾತ್ರ ಕೊಟ್ಟು, ಉಳಿದಂತೆ ಮೈದಡವಿ, ಗದ್ದೆಗೆ ಜೊತೆಯಲ್ಲಿ ಕರೆದೊಯ್ದು ಮೆಚ್ಚಿದರೆ ಕಲಿತದ್ದು ಉಳಿಯುತ್ತದೆ ಎಂಬುದು ಸ್ಕಿನ್ನರ್ ಕಾಲದಿಂದಲೂ ಗೊತ್ತಿರುವ ವಿಷಯ. ಕಾವಲು ನಾಯಿ ಜೋರಾಗಿರಬೇಕು, ಮುದ್ದು ಮಾಡಿದರೆ ಕಳ್ಳನಿಗೂ ಬಾಲ ಅಲ್ಲಾಡಿಸುತ್ತದೆ ಎಂಬುದು ಎರಡನೆಯದು. ಮನೆಯವರ ಜೊತೆ ಬಾಂಧವ್ಯವಿರುವ ನಾಯಿ ಹೊಸಬರನ್ನು ಕಂಡು ಬೊಗಳುವುದನ್ನು ಬಿಡುವುದಿಲ್ಲ. ಬೊಗಳಿದ ಮೇಲೆ ‘ಸಾಕು’ ಎಂದರೆ ನಿಲ್ಲಿಸುವ ನಾಯಿ ಮನೆಗೆ ಹೆಚ್ಚು ಉಪಯೋಗ. ದಿನವಿಡೀ ಕಟ್ಟಿಹಾಕಿ ಕೆರಳಿಸಿದ ನಾಯಿಗೆ ಕಳ್ಳ ಯಾರು, ಅಂಚೆಯವರು ಯಾರು ಎಂಬ ವ್ಯತ್ಯಾಸ ತಿಳಿಯದು.

ಮೂರನೆಯದು, ಚಿರತೆ ಹೊತ್ತೊಯ್ಯುವ ನಾಯಿಗೆ ಕಲಿಸಿ ಏನು ಫಲ ಎಂಬುದು. ಇದು ನಿಜವಾದ ಕಷ್ಟ. ಕಬ್ಬಿನ ಗದ್ದೆಗಳಲ್ಲಿ ಚಿರತೆ ಅಡಗುವುದು ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್.ಪೇಟೆ, ನಾಗಮಂಗಲ ಕಡೆಯ ರೈತರಿಗೆ ಹೊಸತಲ್ಲ. 2022ರ ನವೆಂಬರಿನಲ್ಲಿ ಕೆಆರ್‌ಎಸ್‌ನ ಬೃಂದಾವನದಲ್ಲೇ ಚಿರತೆ ಕಾಣಿಸಿಕೊಂಡು ಪ್ರವಾಸಿಗರ ಪ್ರವೇಶವನ್ನು ನಿಲ್ಲಿಸಬೇಕಾಯಿತು. ಊರಂಚಿಗೆ ಬರುವ ಚಿರತೆಗೆ ಸುಲಭದ ಬೇಟೆ ನಾಯಿ; ಅದರಲ್ಲೂ ರಾತ್ರಿ ಅಂಗಳದಲ್ಲಿ ಚೈನಿಗೆ ಕಟ್ಟಿದ ನಾಯಿಗೆ ಓಡಲೂ ದಾರಿಯಿಲ್ಲ. ಕತ್ತಲಾದ ಮೇಲೆ ಅದನ್ನು ಬಾಗಿಲಿರುವ ಕೊಟ್ಟಿಗೆಗೋ ಪಡಸಾಲೆಗೋ ಸೇರಿಸುವುದೊಂದೇ ರಕ್ಷಣೆ. ಕರೆದರೆ ಬರುವ, ಒಳಗೆ ಗಲೀಜು ಮಾಡದ ನಾಯಿಯನ್ನು ಮಾತ್ರ ಹಾಗೆ ಸೇರಿಸಲು ಆಗುತ್ತದೆ. ತರಬೇತಿ ಇಲ್ಲಿ ನಾಯಿಯ ಜೀವ ಉಳಿಸುವ ಮಾತು.

ಮಿತಿಗಳೂ ಇವೆ. ಮನೆಯವರನ್ನೇ ಕಚ್ಚಿದ ನಾಯಿ, ಇದ್ದಕ್ಕಿದ್ದಂತೆ ಸ್ವಭಾವ ಬದಲಾದ ನಾಯಿ, ಮುಟ್ಟಿದರೆ ನೋವಿನಿಂದ ಅರಚುವ ನಾಯಿ, ಇವಕ್ಕೆ ಮೊಟ್ಟೆಯ ಚೂರು ಮದ್ದಲ್ಲ. ಮೊದಲು ಪಶುವೈದ್ಯರು ನೋಡಬೇಕು. ಅತಿಯಾಗಿ ಬೆದರಿದ ನಾಯಿಗೆ ತಿಂಗಳುಗಟ್ಟಲೆ ತಾಳ್ಮೆ ಬೇಕು. ರೇಬೀಸ್ ಲಸಿಕೆಯ ಕೆಲಸವನ್ನಂತೂ ಯಾವ ತರಬೇತಿಯೂ ಮಾಡದು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ರೇಬೀಸ್‌ನಿಂದ ಸಾಯುತ್ತಾರೆ, ಅದರಲ್ಲಿ ಶೇ 36ರಷ್ಟು ಭಾರತದಲ್ಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮರಿಗೆ ಮೂರು ತಿಂಗಳಾದಾಗ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ ಲಸಿಕೆ. ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಸಿನ, ಖಾರದ ಪುಡಿ ಹಚ್ಚಿ ಹೊತ್ತು ಕಳೆಯಬಾರದು.

ಕಾನೂನು ಕೂಡ ಈ ವಿಷಯದಲ್ಲಿ ಸುಮ್ಮನಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಾಣಿಯನ್ನು ಹೊಡೆಯುವುದನ್ನೂ, ತೀರ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದನ್ನೂ, ಸದಾ ಕಟ್ಟಿಹಾಕಿದ ನಾಯಿಗೆ ಅಡ್ಡಾಡಲು ಬಿಡದಿರುವುದನ್ನೂ, ಬೀದಿಗೆ ಬಿಟ್ಟುಬರುವುದನ್ನೂ ಅಪರಾಧವೆನ್ನುತ್ತದೆ. ಆದರೆ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ, ಅದಕ್ಕೆ ಹೆದರುವವರಿಲ್ಲ. ದೆಹಲಿ ಬೀದಿ ನಾಯಿಗಳ ಬಗ್ಗೆ 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶ, ದತ್ತು ಪಡೆಯಲು ಬಯಸುವವರಿಗೆ ಅವಕಾಶ ಕೊಟ್ಟು, ಆ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆಯನ್ನೂ ಅವರಿಗೇ ಹೊರಿಸಿತು. ಮನೆಗೆ ಒಗ್ಗದ ನಾಯಿಯನ್ನು ಜನ ಮರಳಿ ಬೀದಿಗೆ ಬಿಡುತ್ತಾರೆ. ಒಗ್ಗಿಸುವುದು ಹೇಗೆಂದು ಹೇಳಿಕೊಡುವವರಿಲ್ಲದೆ ಆ ಹೊಣೆ ಹೊರುವುದು ಕಷ್ಟ.

ಹಾಗೆ ಹೇಳಿಕೊಡುವವರ ಕೊರತೆಯೇ ಹಳ್ಳಿಯ ದೊಡ್ಡ ತೊಡಕು. ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಸಂಸ್ಥೆಗಳು ನಾಯಿ ದತ್ತು ಕೊಡುತ್ತವೆ; ಖಾಸಗಿ ತರಬೇತುದಾರರೂ ಹೆಚ್ಚಾಗಿ ಇರುವುದು ನಗರಗಳಲ್ಲೇ. ಹೋಬಳಿಯಲ್ಲಿ ಜನರಿಗೆ ಸಿಗುವವರು ಪಶು ಆಸ್ಪತ್ರೆಯ ವೈದ್ಯರು. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಲಸಿಕೆಗೆಂದು ನಾಯಿ ಹಿಡಿದು ಬಂದವರಿಗೆ, ಸರದಿಯಲ್ಲಿ ನಿಂತ ಹೊತ್ತಿನಲ್ಲೇ ‘ಕೂತ್ಕೊ’, ‘ಬಾ’ ಕಲಿಸುವ ಬಗೆಯನ್ನು ತೋರಿಸಿದರೆ ಹೆಚ್ಚಿನ ಖರ್ಚೇನೂ ಇಲ್ಲ. ಶಾಲೆಗಳಲ್ಲಿ ನಾಯಿಯ ಹತ್ತಿರ ಹೇಗಿರಬೇಕೆಂದು ಒಂದು ತರಗತಿ ನಡೆಸಿದರೆ ಕಚ್ಚಿಸಿಕೊಳ್ಳುವ ಮಕ್ಕಳು ಕಡಿಮೆಯಾಗುತ್ತಾರೆ.

ದಂಡಂ ದಶಗುಣಂ ಎಂಬ ಮಾತು ನಾಯಿಯ ಮಟ್ಟಿಗೆ ನಿಲ್ಲುವುದಿಲ್ಲ ಎಂಬುದಕ್ಕೆ ಈಗ ಸಾಕಷ್ಟು ಆಧಾರವಿದೆ. ಕೊಟ್ಟಿಗೆಯ ಕಂಬದಲ್ಲಿ ನಾಯಿ ಕಟ್ಟಿರುವ ಮನೆಯವರು ಇವತ್ತು ಸಂಜೆಯೇ ಊಟಕ್ಕೆ ಮುಂಚೆ ಅದನ್ನು ಬಿಚ್ಚಿ, ಗೇಟು ಹಾಕಿ, ಒಂದು ಬೇಯಿಸಿದ ಮೊಟ್ಟೆಯೊಂದಿಗೆ ಐದು ನಿಮಿಷ ಅದರ ಜೊತೆ ಕೂರಲಿ. ಲಸಿಕೆ ಆಗಿಲ್ಲದಿದ್ದರೆ ನಾಳೆ ಬೆಳಿಗ್ಗೆ ಹತ್ತಿರದ ಪಶು ಆಸ್ಪತ್ರೆಗೆ ಕರೆದೊಯ್ಯಲಿ.